ಅಣ್ಣ ತೋರಿಸಿದ ಊರು

ತಾನು ಬಾರದ ರೈಲಿನಿಂದ ಇಳಿದವಳಂತೆ ನಟಿಸುವುದು ಅರವತ್ತು ದಾಟಿದ ಹೆಂಗಸಿಗೆ ಶೋಭಿಸುವ ಕೆಲಸವಲ್ಲ ಎಂದು ರೋಸ್ವಿಟಾಳಿಗೆ ಗೊತ್ತಿತ್ತು. ಆದರೂ ಉತ್ತರದಿಂದ ಬಂದ ರೈಲು ಲೈಪ್ಸಿಗ್ ನಿಲ್ದಾಣದಲ್ಲಿ ನಿಂತು ಬಾಗಿಲುಗಳು ತೆರೆದುಕೊಂಡಾಗ ಅವಳು ಕಂಬದ ಮರೆಯಿಂದ ಹೊರಬಂದು ಇಳಿಯುತ್ತಿದ್ದವರ ನಡುವೆ ಸೇರಿಕೊಂಡಳು. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ನೇರಳೆ ಹೂವಿನ ಎರಿಕಾ ಗಿಡದ ಕುಂಡ. ಸೊಂಟದ ಚಿಕಿತ್ಸೆಗೆಂದು ದಕ್ಷಿಣದ ಬಿಸಿನೀರಿನ ಊರಿಗೆ ಹೊರಟವಳು ದಾರಿಯಲ್ಲಿ ಒಂದು ದಿನ ಹುಟ್ಟಿದೂರಿನಲ್ಲಿ ಇಳಿದಿದ್ದಳು. ಪೆಟ್ಟಿಗೆಯನ್ನು ನಿಲ್ದಾಣದ ಬೀರುವಿನಲ್ಲಿಟ್ಟು ಬೀಗ ಹಾಕಿ ಆಗಲೇ ಎರಡು ಮೂರು ಗಂಟೆ ಕಳೆದಿತ್ತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಅಣ್ಣ ಲೋಟಾರ್ ಟೋಪಿ ತೆಗೆದು ಬೀಸುತ್ತಿದ್ದ. ಕೂದಲು ಬಾಚಿ, ಗಡ್ಡ ನುಣ್ಣಗೆ ಹೆರೆದು, ಭಾನುವಾರದ ಕೋಟು ತೊಟ್ಟು ನಿಂತ ಆ ಮುಖದಲ್ಲಿ ತಪ್ಪಿತಸ್ಥನ ಗುರುತು ಎಲ್ಲಾದರೂ ಕಂಡೀತೇ ಎಂದು ಅವಳು ಹುಡುಕಿದಳು. ಕಾಣಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ, ಈ ಕಳ್ಳನ ಮುಖವಾದರೋ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

"ಬಂದ್ಯಾ ಪುಟ್ಟಿ! ರೈಲು ಹೊತ್ತಿಗೆ ಸರಿಯಾಗಿ ಬಂದಿದೆ, ಇವತ್ತು ಸೂರ್ಯ ಪಶ್ಚಿಮದಲ್ಲೇ ಹುಟ್ಟಿರ್ಬೇಕು" ಎಂದು ಅವನು ತಬ್ಬಿಕೊಂಡ. ಚೀಲದೊಳಗೆ ಇಣುಕಿದ. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವನ ಕಣ್ಣು ಅಲ್ಲೇ ನಿಂತಿತು. "ಎರಿಕಾನಾ! ನನ್ನ ಬಾಲ್ಕನಿಗಾ? ಯಾಕೆ ಇಷ್ಟೆಲ್ಲ ತೊಂದರೆ ತಗೊಂಡೆ ಮಾರಾಯ್ತಿ. ಕೊಡು, ನಾನು ಹಿಡ್ಕೋತೀನಿ."

ಅವಳು ಕೊಟ್ಟಳು. ಸೆಪ್ಟೆಂಬರ್ ಕೊನೆಯಲ್ಲಿ ಎರಿಕಾ ಗಿಡ ಹಿಡಿದು ಬಂದವರು ಅದನ್ನು ಸಮಾಧಿಯ ಮೇಲೆ ನೆಡಲು ತಂದಿದ್ದಾರೆಂದು ಈ ದೇಶದಲ್ಲಿ ಎಳೆಮಗುವಿಗೂ ಗೊತ್ತು. ಬಾಲ್ಕನಿಯಂತೆ! ಅಣ್ಣನಿಗೆ ಹೇಳಿದ್ದಕ್ಕಿಂತ ಮುಂಚಿನ ರೈಲಿಗೆ ಬೆಳಿಗ್ಗೆಯೇ ಬಂದವಳು ನೆಟ್ಟಗೆ ಟ್ರಾಮ್ ಹತ್ತಿ ಸ್ಮಶಾನಕ್ಕೇ ಹೋಗಿದ್ದಳು. ಅಣ್ಣನ ಮಾತಿನ ಗದ್ದಲವಿಲ್ಲದೆ ಅಮ್ಮನ ಹತ್ತಿರ ಸ್ವಲ್ಪ ಹೊತ್ತು ಒಬ್ಬಳೇ ಇರಬೇಕು, ಗಿಡ ನೆಡಬೇಕು, ಕಲ್ಲು ಒರೆಸಬೇಕು ಎಂದುಕೊಂಡಿದ್ದಳು. ಎರಡು ಭೂರ್ಜ ಮರಗಳ ಗುರುತು ಹಿಡಿದು ಸಾಲು ದಾಟಿದಾಗ ಅಲ್ಲಿ ಹುಲ್ಲಿತ್ತು. ಒಂದೇ ಸಮ ಕತ್ತರಿಸಿದ, ಎಳೆಯ, ಅತಿ ಹಸಿರಾದ ಹುಲ್ಲು. ತಾನೇ ದಾರಿ ತಪ್ಪಿದ್ದೇನೆಂದು ಮತ್ತೆ ಮತ್ತೆ ಸುತ್ತಿದಳು. ನಲ್ಲಿಯ ಹತ್ತಿರ ಕ್ಯಾನಿಗೆ ನೀರು ತುಂಬುತ್ತಿದ್ದ ಮುದುಕಿ ನೋಡುತ್ತಲೇ ಇದ್ದು ಕೊನೆಗೆ ಹೇಳಿದ್ದಳು: "ಯಾರನ್ನಮ್ಮಾ ಹುಡುಕ್ತಿದ್ದೀರಿ? ಆ ಜಾಗದವರನ್ನಾ? ಅವರ ಕಲ್ಲನ್ನ ಮಾರ್ಚಲ್ಲೇ ತೆಗೆದರಲ್ಲ. ಮಗ ಅವಧಿ ಮುಂದುವರಿಸಲಿಲ್ಲವಂತೆ. ಪಾಪ, ಒಳ್ಳೆ ಮನುಷ್ಯ. ನೋಡಿ, ಅವರ ನೀರಿನ ಕ್ಯಾನು ಇನ್ನೂ ಇಲ್ಲೇ ನೇತಾಡ್ತಿದೆ, ಬೀಗ ಸಮೇತ." ಇಲ್ಲಿ ಬಾಡಿಗೆ ಮನೆಯ ಹಾಗೆ ಸಮಾಧಿಗೂ ಗಡುವು. ಇಪ್ಪತ್ತು ವರ್ಷ ಮುಗಿದ ಮೇಲೆ ಮನೆಯವರು ಮುಂದುವರಿಸದಿದ್ದರೆ ಕಲ್ಲು ಕಿತ್ತು ಹುಲ್ಲು ಬಿತ್ತುತ್ತಾರೆ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಊರಿನವರೆಲ್ಲರ ಅಮ್ಮಂದಿರಿಗೆ ಗಡುವು ಮುಗಿಯುತ್ತದೆ, ತನ್ನ ಅಮ್ಮನಿಗೂ ಮುಗಿಯುತ್ತದೆಂದು ಮಾತ್ರ ಹೊಳೆದಿರಲಿಲ್ಲ. ಒಳ್ಳೆ ಮನುಷ್ಯ! ಆ ಮಾತು ಕೇಳಿ ಅವಳಿಗೆ ಮುದುಕಿಯ ಕ್ಯಾನು ಕಸಿದು ಒದೆಯಬೇಕೆನ್ನಿಸಿತ್ತು. ಒದೆಯಲಿಲ್ಲ. ಥ್ಯಾಂಕ್ಸ್ ಹೇಳಿದಳು. ವಾಪಸು ಟ್ರಾಮಿನಲ್ಲಿ ಬರುವಾಗ ತೀರ್ಮಾನಿಸಿದಳು: ತಾನಾಗಿ ಕೇಳುವುದಿಲ್ಲ. ಸಂಜೆ ದಕ್ಷಿಣದ ರೈಲು ಹತ್ತುವಷ್ಟರಲ್ಲಿ ಅವನ ಬಾಯಿಂದಲೇ ಆ ಮಾತು ಬರಬೇಕು. ಬಂದರೆ ಸರಿ, ಜಗಳವಾಡಿ ಅತ್ತು ಮುಗಿಸಬಹುದು. ಬರದಿದ್ದರೆ ಇವನ ಸಹವಾಸ ಇವತ್ತಿಗೆ ಸಾಕು. ಇವನೊಬ್ಬನನ್ನು ಬಿಟ್ಟರೆ ಲೋಕದಲ್ಲಿ ತನ್ನ ಬಾಲ್ಯ ಕಂಡವರು ಇನ್ನು ಯಾರೂ ಉಳಿದಿಲ್ಲ ಎಂಬುದೂ ಅದೇ ಟ್ರಾಮಿನಲ್ಲಿ ನೆನಪಾಗಿ, ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

"ಇವತ್ತು ನಿನಗೆ ಇಡೀ ಊರು ತೋರಿಸ್ತೀನಿ" ಎಂದ ಲೋಟಾರ್. "ನೀನು ಬಿಟ್ಟು ಹೋದ ಊರೇ ಅಲ್ಲ ಇದು. ಎಲ್ಲಾ ಬದಲಾಗಿದೆ."

ತೋರಿಸಿದ, ನಿಜಕ್ಕೂ. ಹುಟ್ಟಿ ಬೆಳೆದ ಬೀದಿಗಳಲ್ಲಿ ಅವಳನ್ನು ಪ್ರವಾಸಿಯ ಹಾಗೆ ನಡೆಸಿಕೊಂಡು ಹೋದ. ಇದು ಹಳೆಯ ಪುರಭವನ, ಗೋಪುರ ನಟ್ಟನಡುವೆ ಇಲ್ಲ, ನೋಡು, ಬೇಕೆಂದೇ ಹಾಗೆ ಕಟ್ಟಿದ್ದು; ಇದು ಜಾತ್ರೆ ವ್ಯಾಪಾರಿಗಳ ಓಣಿ, ಮೇಲೆ ಗಾಜು ಹೊದಿಸಿದ್ದಾರೆ. ಅವಳು ಎಲ್ಲಿ ನಿಲ್ಲಬೇಕು, ಯಾವ ಕಡೆ ಕತ್ತೆತ್ತಬೇಕು, ಎಲ್ಲಿಂದ ಫೋಟೋ ಚೆನ್ನಾಗಿ ಬರುತ್ತದೆ, ಎಲ್ಲಕ್ಕೂ ಅವನ ಅಪ್ಪಣೆ. ಖಾಲಿ ರಸ್ತೆಯಲ್ಲಿ, ಕಣ್ಣಿಗೆ ಒಂದು ಸೈಕಲ್ಲೂ ಕಾಣದಿದ್ದಾಗ, ಕೆಂಪು ದೀಪಕ್ಕೆ ಅವಳ ತೋಳು ಹಿಡಿದು ನಿಲ್ಲಿಸಿದ. ಇಷ್ಟು ನಿಯಮಸ್ಥ! ಕೆಂಪು ದೀಪ ದಾಟುವುದಿಲ್ಲ, ಅಮ್ಮನನ್ನು ಮಾತ್ರ ದಾಟಿಬಿಟ್ಟ. ಪಕ್ಕದಲ್ಲಿ ನಿಂತ ಮಗುವಿಗೆ ಅವನು ಮುಗುಳ್ನಗುತ್ತ "ಜಾಣ, ಹಾಗೇ ಕಾಯ್ಬೇಕು" ಎಂದಾಗ ಅವಳು ತೋಳು ಕೊಸರಿ ಬಿಡಿಸಿಕೊಂಡಳು. ಆರು ವರ್ಷದಿಂದ ನೀನು ಈ ಕಡೆ ತಲೆ ಹಾಕಿಲ್ಲವಲ್ಲ ಎಂದು ಒಳಗಿನಿಂದ ಯಾರೋ ಅಂದರು. ಸೊಂಟ ನೋವಿತ್ತು, ಗಂಡನ ಕಾಯಿಲೆಯಿತ್ತು, ದೂರವಿತ್ತು ಎಂದು ಅವಳು ಅದಕ್ಕೆ ಉತ್ತರ ಕೊಟ್ಟಳು. ಉತ್ತರ ಕೊಡಬೇಕಾಗಿ ಬಂದದ್ದಕ್ಕೆ ಇನ್ನಷ್ಟು ಉರಿದಳು. ಹಸಿರು ಬಂತು, ದಾಟಿದರು.

ನಿಕೊಲಾಯ್ ಚರ್ಚಿನೊಳಗೆ ಭಾನುವಾರದ ಪ್ರಾರ್ಥನೆ ಮುಗಿದು ಪ್ರವಾಸಿಗಳು ತುಂಬಿದ್ದರು. ಬಿಳಿಯ ಕಂಬಗಳು ಮೇಲೆ ಹೋಗಿ ತಾಳೆಗರಿಯಾಗಿ ಬಿಚ್ಚಿಕೊಳ್ಳುವ ಆ ಛಾವಣಿಯ ಕೆಳಗೆ ಲೋಟಾರ್ ಸುತ್ತಲಿನವರಿಗೂ ಕೇಳುವ ಹಾಗೆ ಎಂಬತ್ತೊಂಬತ್ತರಲ್ಲಿ ಸರ್ಕಾರದ ವಿರುದ್ಧ ಜನ ಬೀದಿಗಿಳಿದ ಆ ಸೋಮವಾರಗಳ ಕಥೆ ಶುರುಮಾಡಿದ. ಜನ ಇಲ್ಲಿ ಹೇಗೆ ಸೇರಿದರು, ಹೊರಗೆ ಪೊಲೀಸರು ಹೇಗೆ ನಿಂತಿದ್ದರು, ಕೈಯಲ್ಲಿ ಮೇಣದಬತ್ತಿ ಹಿಡಿದವನು ಕಲ್ಲೆಸೆಯಲಾರ, ಯಾಕೆಂದರೆ ಇನ್ನೊಂದು ಕೈ ಗಾಳಿಗೆ ಅಡ್ಡ ಹಿಡಿಯಬೇಕು. "ನಾವೆಲ್ಲ ಇದ್ವಿ" ಎಂದ. ಬೆನ್ನಿಗೆ ಚೀಲ ಹಾಕಿದ್ದ ಇಬ್ಬರು ಹುಡುಗಿಯರು ಅವನನ್ನು ಗೌರವದಿಂದ ನೋಡಿದರು. ರೋಸ್ವಿಟಾ ಕಂಬ ನೋಡುತ್ತ ನಿಂತಳು. ಇದ್ದದ್ದು ಅಮ್ಮ ಮತ್ತು ಅವಳು. ಅಮ್ಮ ಒಳ್ಳೆಯ ಕೈಗವುಸು ಹಾಕಿಕೊಂಡೇ ಬಂದಿದ್ದಳು, ಜೈಲಿಗೆ ಹಾಕುವುದಾದರೆ ಕೊಳಕು ಕೈಗವುಸಿನಲ್ಲಿ ಹಾಕಿಸಿಕೊಳ್ಳಬಾರದಂತೆ. ಮೇಣ ಸೋರಿ ಸೋರಿ ಹೆಬ್ಬೆರಳ ಹತ್ತಿರ ಗಟ್ಟಿಯಾಗಿತ್ತು. ಎರಡು ಸಲ ಇಸ್ತ್ರಿ ಹಾಕಿ ಕಾಗದಕ್ಕೆ ಮೇಣ ಇಳಿಸಿದರೂ ಕಲೆ ಹೋಗಲಿಲ್ಲ. ಲೋಟಾರ್ ಆ ದಿನ ಮನೆಯಲ್ಲಿದ್ದ, ಜ್ವರ ಎಂದು. ಜ್ವರವಿತ್ತೋ ಹೆದರಿಕೆಯಿತ್ತೋ ಯಾರೂ ಕೇಳಲಿಲ್ಲ. ಅವರು ಚಳಿಯಲ್ಲಿ ವಾಪಸು ಬಂದಾಗ ಒಲೆ ಹೊತ್ತಿಸಿ ಆಲೂಗಡ್ಡೆ ಸೂಪು ಬಿಸಿ ಮಾಡಿ ಕಿಟಕಿಯಲ್ಲಿ ಕಾಯುತ್ತಿದ್ದ. ಅಮ್ಮ ಅವನ ಹಣೆ ಮುಟ್ಟಿ ನೋಡಿ "ಇಳಿದಿದೆ" ಎಂದಿದ್ದಳು. ಹಾಗೆ ಅವನಿಗೆ ಎಲ್ಲವನ್ನೂ ಇಳಿಸಿಕೊಟ್ಟವಳು ಅವಳೇ.

"ನೀನು ಎಲ್ಲಿದ್ದೆ ಆವಾಗ?" ಎಂದು ರೋಸ್ವಿಟಾ ಹುಡುಗಿಯರ ಎದುರಿಗೇ ಕೇಳಿದಳು.

"ಇಲ್ಲೇ, ಊರಲ್ಲೇ" ಎಂದ ಲೋಟಾರ್, ಮುಖ ಕೆಂಪೇರಿ. "ಬಾ, ಕಾಫಿ ಕುಡಿಯೋಣ."

ಕಾಫಿ ಅಂಗಡಿಯಲ್ಲಿ ಅವನು ಗಿಡದ ಚೀಲವನ್ನು ಒಂದು ಕುರ್ಚಿಯ ಮೇಲೆ ಕೂರಿಸಿ, ಕೆಲಸದ ಹುಡುಗಿಯ ಹತ್ತಿರ ಅದಕ್ಕೊಂದು ಲೋಟ ನೀರು ತರಿಸಿ, ಬೆರಳಿನಿಂದ ಮಣ್ಣು ಒತ್ತಿ ನೋಡಿ ಹನಿಹನಿಯಾಗಿ ಹಾಕಿದ. ಆ ಬೆರಳಿನ ಮೃದುತ್ವವನ್ನು ನೋಡಲಾರದೆ ಅವಳು ತಟ್ಟೆ ನೋಡಿದಳು. ತಟ್ಟೆಯಲ್ಲಿ ಊರಿನ ಹೆಸರಾಂತ ತಿಂಡಿ, ಲೆರ್ಶೆ: ಬಾದಾಮಿ ತುಂಬಿದ ಪುಟ್ಟ ಬಟ್ಟಲು, ಮೇಲೆ ಹಿಟ್ಟಿನ ಎರಡು ಪಟ್ಟಿ ಶಿಲುಬೆಯಾಕಾರ. ಹಿಂದಿನ ಕಾಲದಲ್ಲಿ ಈ ಊರಿನವರು ಲೆರ್ಶೆ ಎಂಬ ಹಾಡುವ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು ಹಿಟ್ಟಿನಲ್ಲಿ ಹುದುಗಿಸಿ ಬೇಯಿಸಿ ತಿನ್ನುತ್ತಿದ್ದರು. ಅರಸ ಆ ಬೇಟೆಯನ್ನು ನಿಷೇಧಿಸಿದ ಮೇಲೆ ಬೇಕರಿಯವರು ಹಕ್ಕಿಯ ಬದಲು ಬಾದಾಮಿ ತುಂಬಿ ಹೆಸರು ಮಾತ್ರ ಉಳಿಸಿಕೊಂಡರು. ಇದನ್ನೂ ಅವನು ಅವಳಿಗೆ ವಿವರಿಸಿದ. ಪ್ರತಿ ಹುಟ್ಟುಹಬ್ಬಕ್ಕೆ ಅಮ್ಮ ಇದನ್ನೇ ಮಾಡುತ್ತಿದ್ದಳು, ಬಾದಾಮಿ ಸಿಗದ ಕಾಲದಲ್ಲಿ ರವೆಗೆ ಬಾದಾಮಿ ವಾಸನೆ ಹಾಕಿ ಮಾಡುತ್ತಿದ್ದಳು.

"ಅಮ್ಮಂದು ಇದಕ್ಕಿಂತ ಚೆನ್ನಾಗಿರ್ತಿತ್ತು" ಎಂದಳು ರೋಸ್ವಿಟಾ. ಬಾಗಿಲು ತೆರೆದಿಟ್ಟಿದ್ದಳು, ಒಳಗೆ ಬರುವುದಾದರೆ ಬರಲಿ ಎಂದು.

"ಅಮ್ಮಂದಾ? ಕಲ್ಲಿನ ಹಾಗಿರ್ತಿತ್ತು ಕಣೇ. ನನ್ನ ಹಲ್ಲು ಒಂದು ಅದರಲ್ಲೇ ಹೋಯ್ತು" ಎಂದು ನಕ್ಕ. ಆಮೇಲೆ ನಗು ನಿಂತಿತು. ಶಿಲುಬೆಯ ಒಂದು ಪಟ್ಟಿಯನ್ನು ಚಾಕುವಿನಿಂದ ಬಿಡಿಸಿ ತಟ್ಟೆಯ ಅಂಚಿಗಿಟ್ಟ. "ಪುಟ್ಟಿ" ಎಂದ. ಬಂತು, ಈಗ ಬಂತು, ಹೇಳು ಮಹಾರಾಯ, ಹೇಳಿಬಿಡು. "ನಿನ್ನ ಸೊಂಟ ಹೇಗಿದೆ? ಡಾಕ್ಟರು ಏನಂದ್ರು?"

ಸೊಂಟ ಹಾಳಾಗಿ ಹೋಗಲಿ. ಅವಳು ಡಾಕ್ಟರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಹೇಳಿದಳು, ಹೇಳುತ್ತ ಹೇಳುತ್ತ ತನ್ನ ದನಿಯನ್ನೇ ದ್ವೇಷಿಸಿದಳು. ಈ ಕುಟುಂಬದಲ್ಲಿ ಎಲ್ಲರೂ ಹೀಗೇ. ಅಪ್ಪ ಮನೆ ಬಿಟ್ಟು ಹೋದಾಗಲೂ ಅಮ್ಮ ಮೇಜಿಗೆ ಮೂರು ತಟ್ಟೆ ಇಟ್ಟು ಹವಾಮಾನದ ಮಾತಾಡಿದ್ದಳು. ಕೂಗುವುದು ಎದುರು ಮನೆಯವರ ಕೆಲಸ, ನಾವು ಸೂಪು ತಣ್ಣಗಾಗದ ಹಾಗೆ ನೋಡಿಕೊಳ್ಳಬೇಕು. ಬೆಳಿಗ್ಗೆ ಆ ಹುಲ್ಲಿನ ಮೇಲೆ ನಿಂತಾಗ ಕೂಗಬಹುದಿತ್ತು, ಕೇಳಲು ಒಬ್ಬ ಮುದುಕಿ ಬಿಟ್ಟರೆ ಯಾರೂ ಇರಲಿಲ್ಲ. ಬಾಯಿ ತೆರೆದರೆ ಥ್ಯಾಂಕ್ಸ್ ಬಂತು. ಲೋಟಾರ್ ತಿಂಡಿಗೆ ದುಡ್ಡು ಕೊಡಲು ಬಿಡಲಿಲ್ಲ, "ನೀನು ಅತಿಥಿ" ಎಂದ. ಅತಿಥಿ.

ಆಮೇಲೆ ಅವನು ಅವಳನ್ನು ಕರೆದೊಯ್ದದ್ದು ಇನ್ನೂರು ವರ್ಷದ ಹಿಂದೆ ಊರಾಚೆ ನಡೆದ ದೊಡ್ಡ ಕಾಳಗದ ಸ್ಮಾರಕಕ್ಕೆ. ಟ್ರಾಮಿನಲ್ಲಿ ಹೆಸರು ಕೇಳಿದಾಗ ಅವಳು ನಂಬಲಿಲ್ಲ. ಊರಿನಲ್ಲಿ ನೂರು ಜಾಗವಿದೆ, ಇವನಿಗೆ ಬೇಕಾದದ್ದು ಸ್ಮಶಾನದ ಬೇಲಿಗೆ ಅಂಟಿದ ಈ ಕಪ್ಪು ಕಲ್ಲಿನ ಬೆಟ್ಟವೇ? ಇದೊಂದು ಹೆಡ್ಡತನವೋ, ಇಲ್ಲಾ ಸೊಕ್ಕೋ? ಅಥವಾ ಕೊನೆಗೂ ಕೈ ಹಿಡಿದು ಅಲ್ಲಿಗೆ ಕರೆದೊಯ್ದು ಹೇಳುವ ದಾರಿಯೋ? ಆ ಕೊನೆಯ ಯೋಚನೆ ಬಂದ ಮೇಲೆ ಅವಳಿಗೆ ಅವನ ಮೇಲೆ ಸ್ವಲ್ಪ ಮರುಕ ಹುಟ್ಟಿತು. ಪಾಪ, ಹೇಳಲು ಧೈರ್ಯ ಒಟ್ಟುಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡು, ಮೆಟ್ಟಿಲುಗಳನ್ನು ಹತ್ತುವಾಗ ಅವನು ಏದುಸಿರು ಬಿಟ್ಟರೆ ನಿಂತು ಕಾದಳು. ಸುರುಳಿ ಮೆಟ್ಟಿಲು ಒಬ್ಬರಿಗೇ ಸಾಲುವಷ್ಟು ಇಕ್ಕಟ್ಟು. ಅವನು ಮುಂದೆ, ಅವಳು ಹಿಂದೆ, ಅವಳ ಮೂಗಿನ ಮಟ್ಟದಲ್ಲಿ ಅವನ ಬೂಟಿನ ಸವೆದ ಹಿಮ್ಮಡಿ. ಚಿಕ್ಕವಳಿದ್ದಾಗ ಇದೇ ಮೆಟ್ಟಿಲಲ್ಲಿ ಕತ್ತಲಿಗೆ ಹೆದರಿ ಅತ್ತಿದ್ದಳು, ಇದೇ ಅಣ್ಣ ಹಿಂದಕ್ಕೆ ಕೈ ಚಾಚಿ ಹಿಡಿಸಿಕೊಂಡಿದ್ದ. ಅಮ್ಮ ಕೆಳಗೆ ಬೆಂಚಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು, ಮೇಲಿನಿಂದ ಅವಳ ತಲೆವಸ್ತ್ರ ಒಂದು ಚುಕ್ಕೆಯಾಗಿ ಕಂಡಿತ್ತು.

ಮೇಲೆ ಗಾಳಿ ಕಿವಿಗೆ ಹೊಡೆಯಿತು. ಲೋಟಾರ್ ತೋಳು ಚಾಚಿ ಊರು ತೋರಿಸತೊಡಗಿದ. ಅಗೋ ಪುರಭವನದ ಗೋಪುರ, ಅಗೋ ನಾವು ಬಂದ ನಿಲ್ದಾಣ, ಆ ಕಡೆ ಹೊಸ ಕೆರೆ, ಮೊದಲು ಕಲ್ಲಿದ್ದಲಿನ ಗಣಿಯಾಗಿತ್ತು, ಈಗ ನೀರು ತುಂಬಿ ದೋಣಿ ಬಿಟ್ಟಿದ್ದಾರೆ. ಅವನ ತೋಳು ಎಲ್ಲ ದಿಕ್ಕಿಗೂ ತಿರುಗಿತು, ಒಂದು ದಿಕ್ಕು ಬಿಟ್ಟು. ಅವಳು ಆ ದಿಕ್ಕಿಗೇ ಹೋಗಿ ಕಟ್ಟೆಗೆ ಒರಗಿ ಕೆಳಗೆ ನೋಡಿದಳು. ಮರಗಳು, ಅವುಗಳ ನಡುವೆ ದಾರಿಗಳು, ದಾರಿಗಳಲ್ಲಿ ಕ್ಯಾನು ಹಿಡಿದ ಸಣ್ಣ ಸಣ್ಣ ಜನ.

"ಅದೇನದು ಕೆಳಗೆ, ಆ ಮರಗಳು?" ಎಂದು ಕೇಳಿದಳು. ಕೇಳುವುದಿಲ್ಲ ಎಂದುಕೊಂಡಿದ್ದವಳು ಕೇಳಿಬಿಟ್ಟಿದ್ದಳು.

ಲೋಟಾರ್ ಪಕ್ಕಕ್ಕೆ ಬಂದ. ಬಹಳ ಹೊತ್ತು ನೋಡಿದ. "ಅದಾ... ಪಾರ್ಕು" ಎಂದ.

ಅವಳು ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಲ್ಲು ತಣ್ಣಗಿತ್ತು. ಒಂದು ತಳ್ಳು ತಳ್ಳಿದರೆ ಹೇಗೆ ಎಂಬ ಯೋಚನೆ ಹಕ್ಕಿಯ ಹಾಗೆ ಬಂದು ಹೋಯಿತು, ಅವನನ್ನೋ ತನ್ನನ್ನೋ ಎಂದು ತಿಳಿಯುವ ಮೊದಲೇ. ಅಮ್ಮನಿರುವ ಜಾಗಕ್ಕೆ ಪಾರ್ಕು ಎಂದ. ಕೆಳಗಿಳಿದ ಮೇಲೆ ಗೇಟಿನ ದಾರಿಗೆ ತಾನೇ ತಿರುಗಿ, "ಇಲ್ಲಿಯವರೆಗೆ ಬಂದಿದ್ದೀವಿ, ಅಮ್ಮನ್ನ ನೋಡ್ಕೊಂಡು ಹೋಗೋಣ" ಎಂದಳು. ದನಿ ಸಕ್ಕರೆಯಂತಿತ್ತು. ಇದೇ ಕೊನೆಯ ಅವಕಾಶ ಎಂದು ತನಗೆ ತಾನೇ ಹೇಳಿಕೊಂಡಳು.

"ಇವತ್ತು ಬೇಡ ಪುಟ್ಟಿ. ಅಲ್ಲಿ... ಮರ ಕಡೀತಿದ್ದಾರೆ. ಒಳಗೆ ಬಿಡಲ್ಲ."

"ಭಾನುವಾರ?"

ಭಾನುವಾರ ಗರಗಸದ ಸದ್ದು ಮಾಡುವ ಜರ್ಮನ್ನನನ್ನು ಅವಳು ಇನ್ನೂ ಕಂಡಿರಲಿಲ್ಲ, ಲೋಟಾರನೂ ಕಂಡಿರಲಿಲ್ಲ. ಇಷ್ಟು ದಡ್ಡ ಸುಳ್ಳು ಹೇಳಬೇಕಾದರೆ ಮನುಷ್ಯ ಎಷ್ಟು ಇಕ್ಕಟ್ಟಿನಲ್ಲಿ ಸಿಕ್ಕಿರಬೇಕು ಎಂದು ಬೇರೆ ದಿನವಾದರೆ ಅವಳಿಗೆ ಅನಿಸುತ್ತಿತ್ತೇನೋ. ಈಗ ಅನಿಸಿದ್ದು ಇಷ್ಟೇ: ನನ್ನನ್ನು ಒಳ್ಳೆಯ ಸುಳ್ಳಿಗೂ ಲಾಯಕ್ಕಲ್ಲ ಎಂದುಕೊಂಡಿದ್ದಾನೆ.

"ತೋಟಕ್ಕೆ ಹೋಗೋಣ" ಎಂದ ಅವನು, ನೆಲ ನೋಡುತ್ತ. "ಸೇಬು ಉದುರ್ತಿವೆ. ನಿನಗೆ ಕಟ್ಟಿಕೊಡ್ತೀನಿ. ಅಲ್ಲಿ ಕೂತು ಮಾತಾಡೋಣ."

ಟ್ರಾಮಿನಲ್ಲಿ ಇಬ್ಬರೂ ಎದುರು ಬದುರು ಕೂತು ಬೇರೆ ಬೇರೆ ಕಿಟಕಿ ನೋಡಿದರು. ಇಳಿದು ಟ್ರಾಮು ಹೊರಟ ಮೇಲೆ ಲೋಟಾರ್ ಎರಡೂ ಕೈ ನೋಡಿಕೊಂಡು "ಅಯ್ಯೋ, ಎರಿಕಾ!" ಎಂದು ಕೂಗಿ ನಾಲ್ಕು ಹೆಜ್ಜೆ ಓಡಿದ. ಗಿಡದ ಚೀಲ ಸೀಟಿನ ಮೇಲೆ ಕೂತು ಊರ ಹೊರಕ್ಕೆ ಹೋಗುತ್ತಿತ್ತು. "ಹೋಗ್ಲಿ ಬಿಡು, ನಿನ್ನ ಬಾಲ್ಕನಿಗೆ ಬೇರೆ ತಗೋ" ಎಂದಳು ಅವಳು. ಅವನು ತಿರುಗಿ ನೋಡಿದ ನೋಟದಲ್ಲಿ ಏನೋ ಇತ್ತು. ಅವಳು ಅದನ್ನು ಓದಲು ಹೋಗಲಿಲ್ಲ.

ತೋಟವೆಂದರೆ ಊರವರೆಲ್ಲ ಸಾಲಾಗಿ ಹಿಡಿದಿರುವ ಸಣ್ಣ ಸಣ್ಣ ತುಂಡುಗಳಲ್ಲಿ ಒಂದು. ಹೆಂಡತಿ ತೀರಿದ ಮೇಲೆ ಲೋಟಾರ್ ದಿನದ ಬಹುಭಾಗ ಇಲ್ಲೇ ಇರುತ್ತಿದ್ದ. ಮರದ ಪುಟ್ಟ ಗುಡಿಸಲು, ಮುಂದೆ ಸೇಬಿನ ಮರ, ಒಂದು ಮಡಿ ಡೇಲಿಯಾ, ತೋಟದವರ ಸಂಘದ ನಿಯಮದ ಎತ್ತರಕ್ಕೆ ಕತ್ತರಿಸಿದ ಬೇಲಿ. ಬೇಲಿಯಾಚೆ ನೆರೆಯವನು, ಕ್ರೆಚ್ಮರ್ ಎಂಬ ಬೋಳುತಲೆಯವನು, ಕುರ್ಚಿಯಲ್ಲಿ ಕೂತು ಬಿಯರ್ ಕುಡಿಯುತ್ತಿದ್ದ. "ತಂಗಿ ಬಂದಿದ್ದಾಳೆ, ಕ್ರೆಚ್ಮರ್ ಅವರೇ" ಎಂದು ಲೋಟಾರ್ ಹೇಳಿದ. ಕ್ರೆಚ್ಮರ್ ಬಾಟಲಿ ಎತ್ತಿ, "ಬನ್ನಿ ಬನ್ನಿ ಅಮ್ಮಾವ್ರೇ. ಒಳಗೆ ಹೋಗುವಾಗ ಮಾತ್ರ ಹುಷಾರು, ನಿಮ್ಮಣ್ಣ ಆ ಮೆಟ್ಟಿಲ ಮೇಲೆ ಯಾರಿಗೂ ಕಾಲಿಡೋಕೆ ಬಿಡಲ್ಲ. ತಾನೂ ಇಡಲ್ಲ. ಕೊಕ್ಕರೆ ಹಾಗೆ ದಾಟ್ತಾರೆ. ಮೆಟ್ಟಿಲು ಯಾಕೆ ಹಾಕಿಸಿದ್ರೋ ದೇವ್ರೇ ಬಲ್ಲ" ಎಂದು ನಕ್ಕ. ಲೋಟಾರ್ ನಗಲಿಲ್ಲ.

ಗುಡಿಸಲ ಬಾಗಿಲ ಮುಂದೆ ಒಂದು ಚಪ್ಪಡಿ ಕಲ್ಲು ಮಲಗಿತ್ತು. ಅವನು ನಿಜಕ್ಕೂ ಕೊಕ್ಕರೆಯಂತೆ ಉದ್ದಕ್ಕೆ ಕಾಲು ಚಾಚಿ ಅದನ್ನು ದಾಟಿ ಒಳಗೆ ಹೋಗಿ, ತಿರುಗಿ, "ನೀನು ಈ ಪಕ್ಕದಿಂದ ಬಾ, ಡೇಲಿಯಾ ಸುತ್ತಿಕೊಂಡು. ಅಲ್ಲಿ ಕಾಲಿಡಬೇಡ" ಎಂದ. ಅಲ್ಲಿ ನಿಲ್ಲು, ಇಲ್ಲಿ ನೋಡು, ಈ ಪಕ್ಕದಿಂದ ಬಾ, ಅಲ್ಲಿ ಕಾಲಿಡಬೇಡ. ಅಮ್ಮನ ಮೇಲೆ ಹುಲ್ಲು ಬೆಳೆಸಿದವನು ತನ್ನ ಮೆಟ್ಟಿಲಿಗೆ ಮಣ್ಣು ತಾಕಬಾರದಂತೆ! ರೋಸ್ವಿಟಾ ನೆಟ್ಟಗೆ ಹೋಗಿ ಎರಡೂ ಕಾಲನ್ನು ಆ ಕಲ್ಲಿನ ಮೇಲೆ ಊರಿ ನಿಂತಳು.

"ಇಳಿ" ಎಂದ ಲೋಟಾರ್.

"ಇಳಿಯಲ್ಲ."

"ಪುಟ್ಟಿ, ಇಳಿ ಅಂದೆ."

"ಪುಟ್ಟಿ ಅನ್ನಬೇಡ! ನಾನು ಬೆಳಿಗ್ಗೇನೇ ಹೋಗಿದ್ದೆ. ಹುಲ್ಲು ನೋಡಿದೆ. ದಿನವೆಲ್ಲಾ ಕಾದೆ, ಈಗ ಹೇಳ್ತಾನೆ, ಆಗ ಹೇಳ್ತಾನೆ ಅಂತ. ಪಾರ್ಕಂತೆ! ಮರ ಕಡೀತಾರಂತೆ! ಥೂ, ನಿನ್ನ ಬಾಯಿಗೆ ಹುಳ ಬೀಳ!" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಕೂಗುತ್ತ ಕೂಗುತ್ತ ಹಿಮ್ಮಡಿಯಿಂದ ಕಲ್ಲನ್ನು ಕುಟ್ಟಿದಳು.

ಲೋಟಾರನ ಮುಖ ಸುಣ್ಣದ ಹಾಗಾಯಿತು. ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತವನು ಅವಳಷ್ಟೇ ಜೋರಾಗಿ ಕೂಗಿದ: "ಇಳಿಯೇ, ಅಮ್ಮನ ಮೇಲೆ ನಿಂತಿದ್ದೀಯ!"

ಅವಳು ಕೆಳಗೆ ನೋಡಿದಳು. ಕಲ್ಲಿನ ಬೆನ್ನು ಒರಟಾಗಿತ್ತು, ಅಂಚು ಮಾತ್ರ ನುಣುಪು. ಆ ಅಂಚನ್ನು ಎಷ್ಟು ಸಲ ಒರೆಸಿದ್ದಳೋ. ಅವಳು ಇಳಿದದ್ದು ಬಿದ್ದ ಹಾಗಿತ್ತು. ಡೇಲಿಯಾ ಮಡಿಯಲ್ಲಿ ಮೊಣಕಾಲೂರಿದಳು. ತನ್ನ ಕಾಲುಗಳನ್ನು ಎಲ್ಲಾದರೂ ಬಿಸಾಡಿ ಬರಬೇಕೆನ್ನಿಸಿತು. ಮೇಲೆ ಲೋಟಾರ್ ಬಡಬಡನೆ ಹೇಳುತ್ತಿದ್ದ, ಇಡೀ ದಿನದ ಬೀಗ ಕಿತ್ತುಹೋದವನ ಹಾಗೆ. "ಇಪ್ಪತ್ತು ವರ್ಷ ನಾನೊಬ್ಬನೇ ನೀರು ಹಾಕಿದೆ. ಬೇಸಿಗೇಲಿ ದಿನ ಬಿಟ್ಟು ದಿನ. ಅಲ್ಲಿ ಯಾರು ಬರ್ತಾರೆ? ನೀನು ಬಂದ್ಯಾ? ಫೋನಲ್ಲಿ ಒಂದ್ಸಲ ಕೇಳಿದ್ಯಾ, ಅಮ್ಮನ ಮೇಲೆ ಈ ಸಲ ಏನು ನೆಟ್ಟೆ ಅಂತ? ಈ ತೋಟದಲ್ಲಾದ್ರೆ ನಾನು ದಿನಾ ಇರ್ತೀನಿ, ಮಾತಾಡ್ಸ್ತೀನಿ ಅಂತ ಕಲ್ಲು ತಂದೆ. ಅಲ್ಲಿ, ಸೇಬಿನ ಮರದ ಕೆಳಗೆ ನಿಲ್ಲಿಸಿದ್ದೆ. ಸಂಘದವರು ಬಂದ್ರು. ಸಮಾಧಿ ಕಲ್ಲು ನೋಡ್ತಾ ಊಟ ಮಾಡೋಕಾಗಲ್ಲ ಅಂತ ದೂರು ಬಂದಿದೆಯಂತೆ. ಮೆಟ್ಟಿಲಾದ್ರೆ ಪರವಾಗಿಲ್ಲವಂತೆ. ಮೆಟ್ಟಿಲು ಮಾಡಿದೆ. ಇದನ್ನ ನಿನಗೆ ಹೇಗೆ ಹೇಳ್ಲಿ? ಅಮ್ಮನ್ನ ಬೋರಲು ಹಾಕಿದ್ದೀನಿ ಅಂತ ಹೇಗೆ ಹೇಳ್ಲಿ?"

"ಅಮ್ಮ ಅಲ್ಲಿದ್ದಾಳೆ, ಇಲ್ಲಿರೋದು ಬರೀ ಕಲ್ಲು!"

"ಅಲ್ಲಿರೋದು ಬರೀ ಹುಲ್ಲು!"

ಬೇಲಿಯಾಚೆ ಕುರ್ಚಿ ಕಿರುಗುಟ್ಟಿತು. ದೂರು ಕೊಟ್ಟವನು ಯಾರೆಂದು ರೋಸ್ವಿಟಾಳಿಗೆ ಯಾರೂ ಹೇಳಬೇಕಾಗಲಿಲ್ಲ. ಅವಳು ಎದ್ದಳು. ಗುಡಿಸಲ ಗೋಡೆಗೆ ಒರಗಿಸಿದ್ದ ಸಲಿಕೆ ತಂದು ಕಲ್ಲಿನ ಅಂಚಿನ ಕೆಳಗೆ ತೂರಿಸಿದಳು. "ಎತ್ತು" ಎಂದಳು.

"ನಿನ್ನ ಸೊಂಟ..."

"ಎತ್ತೋ!"

ಅವನು ಬಂದ. ಸಲಿಕೆಯ ಹಿಡಿಗೆ ಇಬ್ಬರೂ ಬಿದ್ದರು. ಕಲ್ಲು ಮೊದಲು ಮಣ್ಣನ್ನು ಬಿಡಲಿಲ್ಲ, ಆಮೇಲೆ ಒಂದು ಹೀರುವ ಸದ್ದು ಮಾಡಿ ಒಂದು ಬೆರಳಿನಷ್ಟು ಮೇಲೆದ್ದಿತು. ಲೋಟಾರ್ ಸಂದಿಗೆ ಕೈ ಹಾಕಿದ, ಅವಳು ಸಲಿಕೆ ಎಸೆದು ಇನ್ನೊಂದು ಕಡೆ ಕೈ ಹಾಕಿದಳು. ಉಗುರು ಮುರಿಯಿತು. ಕ್ರೆಚ್ಮರ್ ಬೇಲಿಯ ಮೇಲೆ ಬೋಳುತಲೆ ಎತ್ತಿ, "ಏನ್ರೀ ಇದು, ಇವತ್ತು ಭಾನುವಾರ! ಭಾನುವಾರ ಈ ಥರ ಕೆಲಸ ಮಾಡೋ ಹಾಗಿಲ್ಲ ಅಂತ ಗೊತ್ತಿಲ್ವಾ?" ಎಂದ.

"ಬಾಯ್ಮುಚ್ಚಿ ಬಿಯರ್ ಕುಡೀರಿ, ಕ್ರೆಚ್ಮರ್ ಅವರೇ!" ಎಂದು ಲೋಟಾರ್ ಕಿರುಚಿದ. ಅಣ್ಣ ಯಾರ ಮೇಲಾದರೂ ಕಿರುಚಿದ್ದನ್ನು ಅವಳು ಜೀವಮಾನದಲ್ಲಿ ಕೇಳಿದ್ದು ಇದೇ ಮೊದಲು.

ಕಲ್ಲು ಮೊಣಕಾಲಿನವರೆಗೆ ಬಂತು, ತೊಡೆಯವರೆಗೆ ಬಂತು, ತನ್ನ ಅಂಚಿನ ಮೇಲೆ ನೆಟ್ಟಗೆ ನಿಂತಿತು. ಕೆಳಗಿದ್ದ ಮುಖದ ತುಂಬ ಕಪ್ಪು ಮಣ್ಣು, ಎರೆಹುಳ, ಅಕ್ಷರಗಳೊಳಗೆ ಬಿಳಿಯ ಸಣ್ಣ ಬೇರುಗಳು. ಒದ್ದೆ ನೆಲದಲ್ಲಿ ಅದು ಒಮ್ಮೆ ಅವನ ಕಡೆ ವಾಲಿತು, ಒಮ್ಮೆ ಅವಳ ಕಡೆ ವಾಲಿತು. ಇಬ್ಬರೂ ಎರಡು ಬದಿಯಿಂದ ಎದೆ ಕೊಟ್ಟು ತಬ್ಬಿ ಹಿಡಿದರು. ಒರಗಿಸಲು ಕೈಗೆಟಕುವಷ್ಟರಲ್ಲಿ ಏನೂ ಇರಲಿಲ್ಲ. ಸೇಬಿನ ಮರ ಆರೇಳು ಹೆಜ್ಜೆ ದೂರ. ಅವಳ ಸೊಂಟದಲ್ಲಿ ಚಾಕು ತಿರುವಿದಂತಾಗುತ್ತಿತ್ತು, ದಕ್ಷಿಣದ ರೈಲಿಗೆ ಹೊತ್ತಾಗುತ್ತಿತ್ತು, ಕಲ್ಲಿನ ಮೇಲಂಚಿನ ಆಚೆ ಅಣ್ಣನ ಬೆವರಿದ ಮುಖ ಒಂದು ಗೇಣಿನಷ್ಟು ದೂರದಲ್ಲಿತ್ತು. ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ.

"ಇನ್ನು ನಾನು ಈ ಊರಿಗೆ ಬರಲ್ಲ" ಎಂದಳು ಅವಳು, ಹಲ್ಲು ಕಚ್ಚಿ. "ನಿನ್ನ ಮುಖ ನೋಡಲ್ಲ."

"ಬರಬೇಡ. ನೋಡಬೇಡ" ಎಂದ ಲೋಟಾರ್, ಉಸಿರಿಗೆ ತಡಕಾಡುತ್ತ. "ಈಗ ಮಾತ್ರ ಕೈ ಬಿಡಬೇಡ ಕಣೇ, ಕಾಲ ಮೇಲೆ ಬೀಳುತ್ತೆ."